ಊಟದ ಕೊನೆಗೆ ಫ್ರೆಂಚರ ಚೀಸ್ ಹಲಗೆ: ಏನಿಡೋದು, ಎಷ್ಟಿಡೋದು, ಸಸ್ಯಾಹಾರಿ ಹಿರಿಯರಿಗೆ ಏನು ಹೇಳೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ರಾನ್ಸಿನ ಲಿಯೋಂನಲ್ಲಿ. ಜೂನ್ ತಿಂಗಳಲ್ಲಿ ಒಂದು ಶನಿವಾರ ರಾತ್ರಿ ನಮ್ಮನೇಲಿ ಎಂಟು ಜನರ ಊಟ ಇದೆ. ಆಫೀಸಿನ ನಾಲ್ಕು ಜನ ಫ್ರೆಂಚರು, ನಾವಿಬ್ಬರು, ಶಿವಮೊಗ್ಗದಿಂದ ಬಂದಿರೋ ಅತ್ತೆ ಮಾವ. ಅಡುಗೆ ಪೂರ್ತಿ ನಮ್ಮದೇ: ಕೋಸಂಬರಿ, ಬಿಸಿಬೇಳೆಬಾತ್, ಬದನೆಕಾಯಿ ಎಣ್ಣೆಗಾಯಿ, ಕೊನೆಗೆ ಶಾವಿಗೆ ಪಾಯಸ. ಆದರೆ ಇಲ್ಲಿನವರ ಮನೆಗೆ ಹೋದಾಗಲೆಲ್ಲ ಊಟ ಮುಗಿದು ಸಿಹಿ ಬರೋ ಮುಂಚೆ ಚೀಸಿನ ಹಲಗೆ ಬರುತ್ತೆ. ಅವರಿಗೆ ಅದಿಲ್ಲದೆ ಊಟ ಅರ್ಧ ಆದ ಹಾಗೆ. ಅವರಿಗಾಗಿ ನಾನೂ ಇಡಬೇಕು ಅಂತಿದ್ದೀನಿ, ಚೆನ್ನಾಗಿ ಇಡಬೇಕು.

ಎಷ್ಟು ಬಗೆ ತರಲಿ? ಒಬ್ಬರಿಗೆ ಎಷ್ಟು ಗ್ರಾಂ ಲೆಕ್ಕ? ಅತ್ತೆ ಮಾವ ಶುದ್ಧ ಸಸ್ಯಾಹಾರಿಗಳು (ಈರುಳ್ಳಿ ಬೆಳ್ಳುಳ್ಳಿ ತಿಂತಾರೆ). "ಚೀಸ್ ಅಂದ್ರೆ ಹಾಲಿಂದೇ ಅಲ್ವಾ, ನಾವೂ ತಿನ್ನಬಹುದಲ್ಲ" ಅಂತ ಮಾವ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಜೂರಾ ಸೀಮೆಯವಳು

ನಾನು ಬೆಸಾಂಸೋಂ ಹತ್ತಿರ ಇರೋದು. ಇಲ್ಲಿ ಒಂದು ಚೀಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡಿದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

ಮೊದಲು ಲೆಕ್ಕ. ಊಟ ಆದಮೇಲೆ ಇಡೋದಾದರೆ ಒಬ್ಬರಿಗೆ 60ರಿಂದ 80 ಗ್ರಾಂ ಧಾರಾಳ. ಚೀಸೇ ಊಟ ಅನ್ನೋ ಸಂಜೆಯಾದರೆ ಮಾತ್ರ 200, 250 ಗ್ರಾಂ. ನೀವು ಬಿಸಿಬೇಳೆಬಾತ್ ಬಡಿಸ್ತಿದ್ದೀರಿ, ಅದು ಹೊಟ್ಟೆ ತುಂಬಿಸೋ ಊಟ. ಚೀಸ್ ತಿನ್ನೋರು ಆರು ಜನ ಅಂತಿಟ್ಟುಕೊಂಡರೂ ಒಟ್ಟು 400 ಗ್ರಾಂ ಚಿಲ್ಲರೆ ಸಾಕು.

ಇನ್ನು ಬಗೆ. ಇಲ್ಲಿ ಬೆಸ ಸಂಖ್ಯೆಯಲ್ಲಿ ಇಡೋದು ರೂಢಿ: ಮೂರು, ಐದು, ಏಳು. ನನ್ನ ಸ್ಪಷ್ಟ ಅಭಿಪ್ರಾಯ, ನಿಮಗೆ ಮೂರು. ಮೂರೂ ಒಂದಕ್ಕೊಂದು ಸಂಬಂಧ ಇಲ್ಲದಷ್ಟು ಬೇರೆ ಇರಬೇಕು. ಒಂದು ಗಟ್ಟಿ, ಒಂದು ಮೆತ್ತಗಿನದು, ಒಂದು ಮೇಕೆ ಹಾಲಿನದು. ಅಥವಾ ಮೇಕೆಯದರ ಬದಲು ಒಂದು ನೀಲಿ ಬೂಷ್ಟಿನದು. ಬ್ರೀ, ಕಾಮಾಂಬೇರ್ ಎರಡನ್ನೂ ಒಂದೇ ಹಲಗೆಯಲ್ಲಿ ಇಟ್ಟರೆ ಎರಡೂ ಬಿಳಿ ಬೂಷ್ಟಿನ ಹಸುವಿನ ಚೀಸ್; ತಿನ್ನೋರಿಗೆ ಎರಡನೆಯದರಲ್ಲಿ ಹೊಸದೇನೂ ಸಿಗಲ್ಲ.

ನೀವು ಲಿಯೋಂನಲ್ಲಿದ್ದೀರಿ, ಸಾಂ ಮಾರ್ಸೆಲಾಂ ಬಿಡಬೇಡಿ. ಪಕ್ಕದ ಇಝೇರ್ ಸೀಮೆಯದು. ಅಂಗೈಯಲ್ಲಿ ಹಿಡಿಸೋ ಪುಟ್ಟ ಬಿಲ್ಲೆ, 80 ಗ್ರಾಂ ಆಸುಪಾಸು. ಹಣ್ಣಾದಾಗ ಒಳಗೆಲ್ಲ ಕೆನೆ ಥರ ಹರಿಯುತ್ತೆ, ಅದಕ್ಕೇ ಪುಟ್ಟ ಬಟ್ಟಲಲ್ಲಿಟ್ಟು ಮಾರ್ತಾರೆ. ಅದನ್ನ ಬಟ್ಟಲು ಸಮೇತ ಹಲಗೆ ಮೇಲಿಟ್ಟು ಚಿಕ್ಕ ಚಮಚ ಕೊಡಿ. ಎರಡು ಬಿಲ್ಲೆ ಸಾಕು.

ಗಟ್ಟಿ ಚೀಸಿಗೆ ಕೋಂತೆ. ಇದು ನಮ್ಮ ಜೂರಾದ್ದು, ನನಗೆ ಪಕ್ಷಪಾತ ಇದೆ. ಒಂದು ಗಾಲಿ ಸುಮಾರು 40 ಕಿಲೋ ತೂಗುತ್ತೆ, ಅದಕ್ಕೆ 400 ಲೀಟರ್ ಹಾಲು ಬೇಕು. ಸುತ್ತಲಿನ ರೈತರ ಹಾಲು ದಿನಾ ಊರಿನ ಸಹಕಾರಿ ಚೀಸ್ ಮನೆಗೆ ಬರುತ್ತೆ. ಮೋಂಬೆಲಿಯಾರ್ದ್ ಮತ್ತು ಫ್ರೆಂಚ್ ಸಿಮೆಂತಾಲ್ ತಳಿಯ ಹಸುಗಳ ಹಾಲು ಮಾತ್ರ. ಆ ಹಸುಗಳಿಗೆ ಸೈಲೇಜ್ ಅಂದರೆ ಹುಳಿಸಿದ ಮೇವು ಹಾಕೋ ಹಾಗಿಲ್ಲ. ಅದರಲ್ಲಿ ಬರೋ ಬ್ಯಾಕ್ಟೀರಿಯಾ ಬೀಜಕಗಳು ಹಾಲಿಗೆ ಸೇರಿದರೆ ತಿಂಗಳುಗಟ್ಟಲೆ ಹಣ್ಣಾಗೋ ಚೀಸಿನ ಒಳಗೆ ಗಾಳಿ ತುಂಬಿ ಬಿರುಕು ಬಿಡುತ್ತೆ. ಕನಿಷ್ಠ ನಾಲ್ಕು ತಿಂಗಳು ಮಾಗಬೇಕು. ಅಂಗಡಿಯಲ್ಲಿ 12, 18, 24 ತಿಂಗಳಿನದೂ ಸಿಗುತ್ತೆ. ನೀವು 12ರಿಂದ 18ರ ಮಧ್ಯದ್ದು ಕೇಳಿ, 150 ಗ್ರಾಂ. ಹಳೇ ಕೋಂತೆಯಲ್ಲಿ ಹಲ್ಲಿಗೆ ಹರಳು ಸಿಕ್ಕರೆ ಉಪ್ಪು ಅಂದುಕೋಬೇಡಿ. ಪ್ರೋಟೀನು ಒಡೆದು ಟೈರೊಸಿನ್ ಅನ್ನೋ ಅಮೈನೋ ಆಮ್ಲ ಹರಳುಗಟ್ಟಿರುತ್ತೆ; ಚೆನ್ನಾಗಿ ಮಾಗಿದ್ದರ ಗುರುತು ಅದು.

ಮೂರನೆಯದು ಮೇಕೆಯದು. ಜೂನ್ ಅಂದರೆ ಅದಕ್ಕೆ ಒಳ್ಳೇ ಕಾಲ. ಮೇಕೆಗಳು ಚಳಿಗಾಲದ ಕೊನೆಯಲ್ಲಿ ಮರಿ ಹಾಕಿ ವಸಂತದಲ್ಲಿ ಹೊಸ ಹುಲ್ಲು ಮೇಯುತ್ತವೆ, ಹಾಲು ಆಗ ಸೊಗಸು. ಸಾಂತ್ ಮೋರ್ ದ ತೂರೇನ್ ತಗೊಳ್ಳಿ. ಮೇಲೆ ಬೂದಿ ಸವರಿದ ಉದ್ದ ಕೊರಡು, ನಡುವೆ ಒಂದು ಹುಲ್ಲುಕಡ್ಡಿ ಹಾಯ್ದಿರುತ್ತೆ. ಆ ಕಡ್ಡಿ ಮೇಲೆ ಯಾರು ಮಾಡಿದ್ದು ಅನ್ನೋ ಗುರುತು ಕೊರೆದಿರುತ್ತಾರೆ. ಕತ್ತರಿಸೋ ಮುಂಚೆ ಕಡ್ಡೀನ ಮೆಲ್ಲಗೆ ಎಳೆದು ತೆಗೀರಿ. ಅರ್ಧ ಕೊರಡು ಕೊಡ್ತಾರಾ ಕೇಳಿ.

ಅಂಗಡಿಯಲ್ಲಿ ಬಹಳ ಮುಖ್ಯವಾದ ಮಾತು ಒಂದೇ: ಯಾವಾಗ ತಿನ್ನೋದು ಅಂತ ಹೇಳಿ. ಶನಿವಾರ ರಾತ್ರಿಗೆ ಅಂದರೆ ಆ ರಾತ್ರಿಗೆ ಹಣ್ಣಾಗಿರೋದನ್ನೇ ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಆರಿಸಿ ಕೊಡ್ತಾರೆ. ನಾವು ಕೌಂಟರಿನಲ್ಲಿ ದಿನವಿಡೀ ಮಾಡ್ತಿದ್ದ ಕೆಲಸವೇ ಅದು. ಹೆಸರು ನೋಡಿ ಚೀಸ್ ಕೊಳ್ಳೋದಕ್ಕಿಂತ ಹದ ನೋಡಿ ಕೊಳ್ಳೋದು ಮೇಲು.

ಧಾರವಾಡದಾಕಿ

ಜೂರಾ ಅಕ್ಕಾರ, ಭಾಳ ಚಲೋ ಬರದ್ರಿ. ನನಗೊಂದು ಅನುಮಾನ ಐತ್ರಿ. ಇನ್‌ಸ್ಟಾದಾಗ ನೋಡಿದ್ರ ಹಲಗಿ ತುಂಬ ದ್ರಾಕ್ಷಿ, ಬಿಸ್ಕೀಟು, ಜಾಮಿನ ಬಟ್ಟಲ, ಬದಾಮಿ, ಮಾಂಸದ ತುಣುಕು, ನಡುವ ಎಲ್ಲೋ ಚೀಸು. ಒಂದಿಂಚು ಸೈತ ಹಲಗಿ ಕಾಣಂಗಿಲ್ಲ. ನೀವು ಹೇಳೂದು ಮೂರ ಚೀಸು. ಖಾಲಿ ಖಾಲಿ ಅನಸೂದಿಲ್ಲೇನ್ರಿ? ಮಂದಿ ಮನಿಗೆ ಬಂದಾಗ ತಾಟು ತುಂಬಿ ಕಾಣಬೇಕು ಅನ್ನೂದು ನಮ್ಮ ಕಡೆ.

ಜೂರಾ ಸೀಮೆಯವಳು

ಅಕ್ಕಾ, ನೀವು ನೋಡಿರೋದು ಅಮೆರಿಕದಲ್ಲಿ ಬೆಳೆದ ಪದ್ಧತಿ. ಅದನ್ನ ಊಟಕ್ಕೆ ಮುಂಚೆ ನಿಂತುಕೊಂಡು, ಮಾತಾಡ್ತಾ, ಕೈಯಲ್ಲೇ ತಿನ್ನೋಕೆ ಇಡ್ತಾರೆ. ಫ್ರಾನ್ಸಿನಲ್ಲಿ ಚೀಸ್ ಅನ್ನೋದು ಊಟದೊಳಗಿನ ಒಂದು ಸರದಿ. ಎಲ್ಲರೂ ಕೂತಿರುತ್ತಾರೆ, ಮುಖ್ಯ ಖಾದ್ಯದ ತಟ್ಟೆ ತೆಗೆದಿರುತ್ತಾರೆ, ಹಲಗೆ ಕೈಯಿಂದ ಕೈಗೆ ಹೋಗುತ್ತೆ. ಒಬ್ಬೊಬ್ಬರೂ ತಮಗೆ ಬೇಕಾದಷ್ಟು ಕತ್ತರಿಸಿ ತಟ್ಟೆಗೆ ಹಾಕ್ಕೊಂಡು ಪಕ್ಕದವರಿಗೆ ದಾಟಿಸ್ತಾರೆ. ಕತ್ತರಿಸೋಕೆ ಜಾಗ ಬೇಕಲ್ಲ? ಚೀಸಿನ ಮಧ್ಯೆ ಎರಡು ಬೆರಳಿನಷ್ಟಾದರೂ ಖಾಲಿ ಇರಬೇಕು. ಜೊತೆಗೆ ರೊಟ್ಟಿ: ಬಾಗೆತ್, ಹಳ್ಳಿ ಬ್ರೆಡ್ಡು, ಬೇಕಿದ್ದರೆ ಅಕ್ರೋಟ್ ಹಾಕಿದ ಬ್ರೆಡ್ಡು. ಕೆಲವರು ಎಣ್ಣೆ ವಿನೆಗರ್ ಕಲಸಿದ ಸೊಪ್ಪಿನ ಸಲಾಡ್ ಇಡ್ತಾರೆ. ಹಣ್ಣು ಇಡಲೇಬೇಕು ಅಂದರೆ ಒಂದು ಪಿಯರ್ ಹಣ್ಣು ಸಾಕು. ಮಸಾಲೆ ಬಿಸ್ಕೀಟು ಬೇಡ, ಅದರ ಉಪ್ಪು ಖಾರವೇ ನಾಲಿಗೆಯಲ್ಲಿ ಉಳಿದುಬಿಡುತ್ತೆ.

ಇನ್ನೊಂದು ಮರ್ಯಾದೆಯ ವಿಷಯ. ಹಲಗೆ ಸಾಮಾನ್ಯವಾಗಿ ಒಂದೇ ಸುತ್ತು ಹೋಗೋದು. "ಇನ್ನೊಂಚೂರು ಹಾಕ್ಕೊಳ್ಳಿ, ಹಾಕ್ಕೊಳ್ಳಿ" ಅಂತ ನಾವು ಬಲವಂತ ಮಾಡ್ತೀವಲ್ಲ, ಚೀಸಿಗೆ ಅದು ಇಲ್ಲಿ ನಡೆಯಲ್ಲ. ಊಟ ಸಾಲದೆ ಹೋಯ್ತೇನೋ ಅನ್ನೋ ಅರ್ಥ ಬರುತ್ತೆ ಅಂತ ಹಳಬರು ಹೇಳ್ತಾರೆ.

ಹೈನು ವಿದ್ಯಾರ್ಥಿ

ತುಂಗಾತೀರ ಅವರ ಮಾವನವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಡೈರಿ ಟೆಕ್ನಾಲಜಿ ಓದಿದವನು, ಬಿಡಿಸಿ ಹೇಳುತ್ತೇನೆ.

ಹಾಲು ಗಟ್ಟಿಯಾಗಲು ಎರಡು ದಾರಿ. ಒಂದು ಹುಳಿ. ನಿಂಬೆರಸ ಹಿಂಡಿ ಪನೀರ್ ಮಾಡುವುದು, ಹೆಪ್ಪು ಹಾಕಿ ಮೊಸರು ಮಾಡುವುದು ಎರಡೂ ಈ ದಾರಿ. ಇನ್ನೊಂದು ರೆನೆಟ್. ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಜಠರದಲ್ಲಿ ಕೈಮೊಸಿನ್ ಎಂಬ ಕಿಣ್ವ ಇರುತ್ತದೆ. ಹಾಲಿನ ಕೇಸಿನ್ ಕಣಗಳು ಒಂದಕ್ಕೊಂದು ಅಂಟದಂತೆ ಕಪ್ಪಾ ಕೇಸಿನ್ ಎಂಬ ಪ್ರೋಟೀನು ತಡೆಯುತ್ತಿರುತ್ತದೆ. ಕೈಮೊಸಿನ್ ಅದನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುತ್ತದೆ, ಆಮೇಲೆ ಹಾಲು ಹುಳಿಯಾಗದೆಯೇ ಗಟ್ಟಿಯಾಗುತ್ತದೆ. ಕರುವನ್ನು ಕೊಂದ ಮೇಲೆಯೇ ಆ ಜಠರ ಸಿಗುವುದು. ಹಾಗಾಗಿ ಸಾಂಪ್ರದಾಯಿಕ ರೆನೆಟ್ ಹಾಕಿದ ಚೀಸ್ ನಮ್ಮ ಅರ್ಥದಲ್ಲಿ ಸಸ್ಯಾಹಾರವಲ್ಲ.

ಇದಕ್ಕೆ ಬದಲಿಯಾಗಿ ಶಿಲೀಂಧ್ರದಿಂದ ತೆಗೆದ ಕಿಣ್ವವೂ ಇದೆ, ಸೂಕ್ಷ್ಮಾಣುಗಳಲ್ಲಿ ಬೆಳೆಸಿದ ಕೈಮೊಸಿನ್ನೂ ಇದೆ. ಆದರೆ ಫ್ರಾನ್ಸಿನ ಎಓಪಿ ಮುದ್ರೆಯ ಚೀಸ್‌ಗಳಲ್ಲಿ ಬಹುಪಾಲು ಪ್ರಾಣಿಮೂಲದ ರೆನೆಟ್‌ನಿಂದಲೇ ಆದವು. ಕೋಂತೆ, ರೋಕ್‌ಫೋರ್, ಬ್ರೀ ದ ಮೋ ಎಲ್ಲ ಇದರಲ್ಲಿ ಬರುತ್ತವೆ. ಎಓಪಿ ಎಂದರೆ ನಮ್ಮ ಧಾರವಾಡ ಪೇಢೆಗೆ ಇರುವ ಜಿಐ ಟ್ಯಾಗಿನಂಥದ್ದು, ಆದರೆ ತಳಿ, ಮೇವು, ಮಾಡುವ ಕ್ರಮ, ಮಾಗುವ ಅವಧಿ ತನಕ ನಿಯಮ ಬಿಗಿಯಾಗಿದೆ. ಮೇಕೆಯ ಮೆತ್ತನೆ ಚೀಸಿನಲ್ಲಿ ಹುಳಿಯದೇ ಹೆಚ್ಚಿನ ಕೆಲಸ, ಆದರೂ ಸ್ವಲ್ಪ ರೆನೆಟ್ ಬೀಳುತ್ತದೆ.

ಫ್ರೆಂಚ್ ಲೇಬಲ್ಲಿನಲ್ಲಿ "ಪ್ರೆಝ್ಯೂರ್" (ರೆನೆಟ್) ಎಂದಷ್ಟೇ ಇದ್ದರೆ ಪ್ರಾಣಿಯದು ಎಂದೇ ತಿಳಿಯಿರಿ. "ಮಿಕ್ರೋಬಿಯನ್" (ಸೂಕ್ಷ್ಮಾಣುಮೂಲದ್ದು) ಅಥವಾ "ವೆಜೆತಾಲ್" (ಸಸ್ಯಮೂಲದ್ದು) ಎಂಬ ಪದ ಜೊತೆಗಿದ್ದರೆ ಸರಿ. ಏನೂ ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ.

ತುಂಗಾತೀರ

ಓದಿ ಸುಮ್ಮನೆ ಕೂತುಬಿಟ್ಟೆ ಸರ್. ಮಾವನಿಗೆ ಹೇಳಲೇಬೇಕು, ಅಲ್ವಾ? ನಮ್ಮೆಜಮಾನ್ರು "ಹೇಳೋದು ಬೇಡ, ಹಾಲಿಂದು ಅಂದುಬಿಡು, ಒಂದು ತುಣುಕು ತಾನೇ" ಅಂತಿದ್ದಾರೆ.

ಧಾರವಾಡದಾಕಿ

ಹೇಳಬೇಕು ತಂಗಿ. ಹಿರಿಯಾರು ಇಷ್ಟು ವರ್ಷ ನಡಸಿಕೊಂಡು ಬಂದ ನೇಮ ಅದು. ಗೊತ್ತಿದ್ದೂ ಹೇಳದ ತಿನಸೂದು ಸರಿಯಲ್ಲ. ಹೇಳಿದ ಮ್ಯಾಲ ತಿಂದ್ರ ಅವರಿಚ್ಛಾ, ಬಿಟ್ರೂ ಅವರಿಚ್ಛಾ.

ಹೈನು ವಿದ್ಯಾರ್ಥಿ

ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವರ ಮುಂದೆ ಖಾಲಿ ತಟ್ಟೆ ಇಡಬೇಡಿ. ಎರಡು ದಾರಿ ಇವೆ.

ಒಂದು, ಪೋರ್ಚುಗಲ್ಲಿನಲ್ಲಿ ಮತ್ತು ಸ್ಪೇನಿನ ಕೆಲವು ಕಡೆ ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನ ಎಳೆ ನೆನೆಸಿದ ನೀರಿನಿಂದ ಕುರಿಹಾಲು ಗಟ್ಟಿ ಮಾಡುತ್ತಾರೆ. ಸೆರಾ ದ ಎಸ್ಟ್ರೇಲಾ, ಅಝೈತಾಂವ್, ಸ್ಪೇನಿನ ತೋರ್ತಾ ದೆಲ್ ಕಸಾರ್ ಈ ಬಗೆಯವು. ಕರುವಿನ ರೆನೆಟ್ ಇಲ್ಲ. ಲಿಯೋಂನಂಥ ಊರಿನ ದೊಡ್ಡ ಅಂಗಡಿಯಲ್ಲಿ ಕೇಳಿ ನೋಡಬಹುದು. ಫ್ರೆಂಚ್ ಅಲ್ಲ, ಆದರೆ ಫ್ರೆಂಚರ ಮುಂದೆ ಇಡುವಷ್ಟು ಘನವಾದ ಚೀಸ್.

ಇನ್ನೊಂದು ಮನೆಯಲ್ಲೇ ಆಗುತ್ತದೆ. ಲಿಯೋಂನ ಊಟದಂಗಡಿಗಳಲ್ಲಿ ಸೆರ್ವೆಲ್ ದ ಕನ್ಯೂ ಎಂದು ಸಿಗುತ್ತದಲ್ಲ, ತಾಜಾ ಬಿಳಿ ಚೀಸಿಗೆ ಸಣ್ಣೀರುಳ್ಳಿ, ಬೆಳ್ಳುಳ್ಳಿ, ಚೈವ್ಸ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಎಣ್ಣೆ, ವಿನೆಗರ್, ಉಪ್ಪು, ಮೆಣಸು ಕಲಸಿದ್ದು. ಅಂಗಡಿಯ ಬಿಳಿ ಚೀಸಿಗೆ ರೆನೆಟ್ ಹಾಕಿರಬಹುದು. ನೀವು ಮನೆಯ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೇತುಹಾಕಿ, ಅದಕ್ಕೇ ಇವೆಲ್ಲ ಕಲಸಿ. ಅತ್ತೆ ಮಾವನಿಗೂ ಆಯಿತು, ಲಿಯೋಂ ಊರಿನದೇ ಒಂದು ತಿನಿಸು ಅತಿಥಿಗಳ ಮುಂದೆಯೂ ಬಂತು.

ಜೂರಾ ಸೀಮೆಯವಳು

ಬಹಳ ಒಳ್ಳೇ ಸಲಹೆ. ಒಂದು ಸೇರಿಸ್ತೀನಿ. ಅದನ್ನ ಹಲಗೆ ಮೇಲೆ ಇಡಬೇಡಿ, ಬೇರೆ ಬಟ್ಟಲು, ಬೇರೆ ಚಮಚ, ಅತ್ತೆಯವರ ಹತ್ತಿರ. ಹಲಗೆ ಕೈಯಿಂದ ಕೈಗೆ ಹೋಗುವಾಗ ಚಾಕು ಬೆರೆಯೋದು ಗ್ಯಾರಂಟಿ.

ಗಾರೋನ್ ದಂಡೆ

ತುಲೂಸಿನಿಂದ ಬರೆಯುತ್ತಿದ್ದೇನೆ. ಜೂರಾದವರ ಮೂರು ಚೀಸಿನ ಲೆಕ್ಕಕ್ಕೆ ನನ್ನ ತಕರಾರಿದೆ. ನೀಲಿ ಚೀಸಿಲ್ಲದ ಹಲಗೆ ನಮ್ಮ ಕಡೆ ಒಪ್ಪುವುದಿಲ್ಲ. ನಾಲ್ಕು ಜನ ಫ್ರೆಂಚರಲ್ಲಿ ಒಬ್ಬರಾದರೂ ಅದಕ್ಕೆ ಕಣ್ಣಾಡಿಸುತ್ತಾರೆ. ಐದು ಇಡಿ, ಒಂದೊಂದೂ ಚಿಕ್ಕ ತುಂಡು.

ನೀಲಿ ಅಂದರೆ ನನಗೆ ರೋಕ್‌ಫೋರ್. ಫ್ರಾನ್ಸಿನಲ್ಲಿ ಮೂಲಸ್ಥಾನದ ಕಾನೂನು ರಕ್ಷಣೆ ಪಡೆದ ಮೊದಲ ಚೀಸ್, 1925ರಲ್ಲಿ. ಲಾಕೋನ್ ತಳಿಯ ಕುರಿಯ ಹಸಿ ಹಾಲು. ರೋಕ್‌ಫೋರ್ ಸ್ಯುರ್ ಸುಲ್ಝೋಂ ಊರಿನ ಕೊಂಬಾಲು ಗುಡ್ಡ ಹಿಂದೆ ಕುಸಿದಾಗ ಬಂಡೆಗಳ ನಡುವೆ ಸೀಳುಗಳು ಉಳಿದವು. ಅವನ್ನು ಫ್ಲೂರೀನ್ ಅನ್ನುತ್ತಾರೆ. ಅವುಗಳ ಮೂಲಕ ತಂಪಾದ ತೇವದ ಗಾಳಿ ವರ್ಷವಿಡೀ ನೆಲಮಾಳಿಗೆಗೆ ಬರುತ್ತದೆ, ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟು ಆ ಹವೆಯಲ್ಲಿ ಹಬ್ಬುತ್ತದೆ. ಗುಹೆಯೊಳಗೆ ನಿಂತರೆ ಆ ಗಾಳಿ ಮುಖಕ್ಕೆ ತಾಗುವುದು ಗೊತ್ತಾಗುತ್ತದೆ. ಈ ಕಡೆ ಬಂದವರು ನೋಡಲೇಬೇಕು.

ಕೆಲವರು ಬ್ರೆಡ್ಡಿಗೆ ಮೊದಲು ಬೆಣ್ಣೆ ಸವರಿ ಮೇಲೆ ರೋಕ್‌ಫೋರ್ ಇಡುತ್ತಾರೆ. ಉಪ್ಪು ತಗ್ಗುತ್ತದೆ. ನಾನು ಹಾಗೇ ತಿನ್ನುವುದು.

ಜೂರಾ ಸೀಮೆಯವಳು

ಚೀಸಿಗೆ ಬೆಣ್ಣೆಯೇ! ನಮ್ಮ ಕಡೆ ನಾನು ಒಪ್ಪಲ್ಲ, ಆದರೆ ರೋಕ್‌ಫೋರಿಗೆ ಹಾಗೆ ತಿನ್ನೋರು ಬೇಕಾದಷ್ಟು ಜನ ಇದ್ದಾರೆ ನಿಜ. ಸರಿ, ನೀಲಿಗೂ ಜಾಗ ಮಾಡೋಣ, ಆದರೆ ಬಿಸಿಬೇಳೆಬಾತ್ ಖಾರದ ಮೇಲೆ ರೋಕ್‌ಫೋರ್ ಜೋರಾಗುತ್ತೆ. ಓವೆರ್ಞ್ ಸೀಮೆಯ ಫೂರ್ಮ್ ದಾಂಬೇರ್ ಆದೀತು, ಹಸುವಿನ ಹಾಲಿನದು, ಸೌಮ್ಯ. ಅದು ಸೇರಿದರೆ ನಾಲ್ಕಾಗುತ್ತೆ. ಬೆಸ ಆಗಲಿಲ್ಲ ಅಂತ ಯಾರೂ ಎಣಿಸಿ ಕೂರಲ್ಲ. ಐದಂತೂ ಬೇಡ. ತುಂಡು ಚಿಕ್ಕದಾದಷ್ಟೂ ಬೇಗ ಒಣಗುತ್ತೆ, ಕತ್ತರಿಸೋಕೂ ಬರಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಲ್ಲಿ ಇದನ್ನು ಮಾಡಬಹುದಾ? ನಮ್ಮ ತಂಗಿ ಗಂಡನ ಫ್ರೆಂಚ್ ಸ್ನೇಹಿತರು ಬರ್ತಿದ್ದಾರೆ. ಇಲ್ಲಿ ಸಿಗೋದರಲ್ಲಿ ಹೊಂದಿಸಬೇಕು.

ಹೈನು ವಿದ್ಯಾರ್ಥಿ

ಖಂಡಿತ ಮಾಡಬಹುದು. ನಿಮಗೆ ಒಂದು ಅನುಕೂಲವೂ ಇದೆ: ನಮ್ಮ ದೇಶದಲ್ಲಿ ತಯಾರಾಗುವ ಚೀಸ್ ಸಾಮಾನ್ಯವಾಗಿ ಸೂಕ್ಷ್ಮಾಣುಮೂಲದ ಕಿಣ್ವದಿಂದಲೇ ಆಗಿರುತ್ತದೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ. ಆರೋವಿಲ್ಲಿನ ಲಾ ಫೆರ್ಮ್ ಚೀಸ್, ಕೊಡೈಕನಾಲಿನ ಚೀಸ್ ಬಹಳ ಕಾಲದಿಂದ ಇವೆ. ಬೆಂಗಳೂರಿನಲ್ಲೇ ವಲ್ಲೊಂಬ್ರೋಸಾ ಮಠದ ಕ್ರೈಸ್ತ ಸನ್ಯಾಸಿಗಳು ಇಟಲಿ ಬಗೆಯ ತಾಜಾ ಚೀಸ್ ಮಾಡುತ್ತಾರೆ. ಬ್ರೀ ಬಗೆಯದು ಒಂದು, ಗಟ್ಟಿ ಹಳೆಯದು ಒಂದು, ಮೇಕೆ ಅಥವಾ ನೀಲಿ ಒಂದು ಸಿಕ್ಕರೆ ಹಲಗೆ ಆಯಿತು. ಫ್ರಾನ್ಸಿನದೇ ತಂದು ಒಣಗಿದ್ದನ್ನು ಇಡುವುದಕ್ಕಿಂತ ಇಲ್ಲಿನ ತಾಜಾ ಮಾಲು ಇಡಿ. ಬಂದವರಿಗೂ ತಮ್ಮೂರಿನ ಕಾಮಾಂಬೇರ್ ಹೊಸದಲ್ಲ.

ಜೂರಾ ಸೀಮೆಯವಳು

ಫ್ರಿಜ್ಜಿನಿಂದ ಯಾವಾಗ ತೆಗೀಬೇಕು ಅನ್ನೋದು ಇಬ್ಬರಿಗೂ ಬೇಕಾಗುತ್ತೆ. ತಣ್ಣಗಿದ್ದಾಗ ಕೊಬ್ಬು ಗಟ್ಟಿಯಾಗಿರುತ್ತೆ, ಪರಿಮಳ ಏಳಲ್ಲ, ಎಷ್ಟು ಒಳ್ಳೇ ಚೀಸಾದರೂ ಮೇಣ ತಿಂದ ಹಾಗೆ. ಲಿಯೋಂನಲ್ಲಿ ಒಂದು ಗಂಟೆ ಮುಂಚೆ ತೆಗೆದಿಡಿ. ಬೆಂಗಳೂರಿನ ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು, ಮೆತ್ತಗಿನದಕ್ಕೆ ಇನ್ನೂ ಕಡಿಮೆ. ಮೇಲೆ ತೆಳುವಾಗಿ ತೇವ ಮಾಡಿದ ಬಟ್ಟೆ ಹೊದಿಸಿ.

ಕತ್ತರಿಸೋದಕ್ಕೆ ನಿಯಮ ಒಂದೇ, ಕೊನೆಯವರಿಗೂ ನಡುಭಾಗ ಸಿಗಬೇಕು, ತೊಗಟೆ ಒಬ್ಬರ ಪಾಲಾಗಬಾರದು. ದುಂಡಗಿನದನ್ನ ಕೇಕಿನ ಹಾಗೆ ನಡುವಿನಿಂದ ಅಂಚಿಗೆ. ಮೇಕೆ ಕೊರಡನ್ನ ಬಿಲ್ಲೆ ಬಿಲ್ಲೆಯಾಗಿ. ಬ್ರೀ ತುಂಡಿನ ಚೂಪು ಮೂಗನ್ನ ಅಡ್ಡಕ್ಕೆ ಕತ್ತರಿಸಿ ತಗೊಂಡರೆ ಇಲ್ಲಿ ಬಹಳ ಅಸಭ್ಯ, ಅತಿ ಹಣ್ಣಾದ ರುಚಿಯ ಭಾಗ ಅಲ್ಲೇ ಇರೋದು, ಉದ್ದಕ್ಕೆ ಸೀಳಬೇಕು. ಕೋಂತೆ ತುಂಡನ್ನ ಅರ್ಧದವರೆಗೆ ಅಡ್ಡಡ್ಡ, ಆಮೇಲೆ ತೊಗಟೆಯ ಕಡೆಗೆ ಉದ್ದುದ್ದ. ನೀಲಿಗೆ ಬೇರೆ ಚಾಕು.

ಹಲಗೆ ಮೇಲೆ ಗಡಿಯಾರದ ಮುಳ್ಳು ತಿರುಗೋ ಹಾಗೆ ಸೌಮ್ಯದಿಂದ ಜೋರಿಗೆ ಜೋಡಿಸಿ: ಮೇಕೆ, ಕೋಂತೆ, ಸಾಂ ಮಾರ್ಸೆಲಾಂ, ಕೊನೆಗೆ ನೀಲಿ. ತಿನ್ನೋದೂ ಅದೇ ಕ್ರಮದಲ್ಲಿ. ಬಿಳಿ ತೊಗಟೆ, ಬೂದಿ ತೊಗಟೆ ತಿನ್ನಬಹುದು. ಕೋಂತೆಯ ತೊಗಟೆ ಬಿಡಿ.

ಗಾರೋನ್ ದಂಡೆ

ಕುಡಿಯುವುದಕ್ಕೆ? ಕೆಂಪು ವೈನೇ ಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಬಿಳಿಯದೇ ಹೆಚ್ಚು ಹೊಂದುತ್ತದೆ. ಕೆಂಪಿನ ಒಗರು ಮೇಕೆ ಚೀಸಿನ ಜೊತೆ ನಾಲಿಗೆ ಹಿಡಿಯುತ್ತದೆ. ಕೋಂತೆಗೆ ಅದೇ ಜೂರಾದ ಹಳದಿ ವೈನು, ರೋಕ್‌ಫೋರಿಗೆ ಸಿಹಿಯಾದ ಸೋತೇರ್ನ್. ಅಲ್ಸಾಸಿನಲ್ಲಿ ಮನ್‌ಸ್ಟೇರ್ ಎಂಬ ಘಾಟು ಚೀಸಿಗೆ ಜೀರಿಗೆಯ ಜಾತಿಯ ಕಾಳು ಉದುರಿಸಿಕೊಂಡು ಗೆವುರ್ಟ್ಸ್‌ಟ್ರಾಮಿನರ್ ಕುಡಿಯುತ್ತಾರೆ. ವೈನ್ ಮುಟ್ಟದವರಿಗೆ ನಾರ್ಮಂಡಿಯ ಸೇಬಿನ ರಸ ಇಡಿ, ನಿಜವಾಗಿ ಚೆನ್ನಾಗಿರುತ್ತದೆ.

ಮೈಸೂರು ಮಲ್ಲಿಗೆ ಬಳ್ಳಿ

ಮಧ್ಯೆ ಬಂದೆ, ಕ್ಷಮಿಸಿ. ಬಸುರಿಯರು ತಿನ್ನಬಹುದಾ? ನಮ್ಮ ಮಗಳು ಪ್ಯಾರಿಸಿನಲ್ಲಿದ್ದಾಳೆ, ಐದು ತಿಂಗಳು. ಯಾರ ಮನೆಗೆ ಹೋದರೂ ಚೀಸ್ ಕೊಡ್ತಾರಂತೆ.

ಹೈನು ವಿದ್ಯಾರ್ಥಿ

ಒಳ್ಳೆಯ ಪ್ರಶ್ನೆ ಕೇಳಿದಿರಿ ಅಮ್ಮ. ಹಸಿ ಹಾಲಿನ ಚೀಸ್ ಬೇಡ. ಅದರಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ, ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಗರ್ಭದ ಮಗುವಿಗೆ ಅಪಾಯ. ಬಿಳಿ ಬೂಷ್ಟಿನ ಮೆತ್ತನೆಯವು, ತೊಗಟೆಯನ್ನು ಉಪ್ಪುನೀರಿನಲ್ಲಿ ತೊಳೆದು ಮಾಗಿಸಿದವು, ನೀಲಿಯವು ಬಿಟ್ಟುಬಿಡಲಿ. ಕೋಂತೆಯಂಥ ಕಾಯಿಸಿ ಒತ್ತಿದ ಗಟ್ಟಿ ಚೀಸಿಗೆ ಫ್ರಾನ್ಸಿನ ಆರೋಗ್ಯ ಇಲಾಖೆಯ ಸಲಹೆಯಲ್ಲಿ ವಿನಾಯಿತಿ ಇದೆ, ತೊಗಟೆ ತೆಗೆದು ತಿನ್ನಬೇಕು. ಐದು ವರ್ಷದೊಳಗಿನ ಮಕ್ಕಳಿಗೂ ಹಸಿ ಹಾಲಿನ ಚೀಸ್ ಬೇಡ ಎಂದೇ ಹೇಳುತ್ತಾರೆ. ಮಗಳು ಅವರ ವೈದ್ಯರನ್ನೂ ಒಮ್ಮೆ ಕೇಳಲಿ.

ತುಂಗಾತೀರ

ಊಟ ಚೆನ್ನಾಗಾಯ್ತು, ಎಲ್ಲರಿಗೂ ಮನಸಾರೆ ಧನ್ಯವಾದ. ಮಾವನಿಗೆ ರೆನೆಟ್ ವಿಷಯ ಮೊದಲೇ ಹೇಳಿದ್ದೆ. "ಹೇಳಿದ್ದು ಒಳ್ಳೇದಾಯ್ತಮ್ಮ" ಅಂದರು. ಚೀಸ್ ಮುಟ್ಟಲಿಲ್ಲ, ಆದರೆ ಕಟ್ಟಿದ ಮೊಸರಿನ ಬಟ್ಟಲು ಅತ್ತೆ ಹತ್ತಿರ ನಿಲ್ಲಲೇ ಇಲ್ಲ, ಆಫೀಸಿನವರು ಕೇಳಿ ಕೇಳಿ ಹಾಕಿಸಿಕೊಂಡರು. ಸಾಂ ಮಾರ್ಸೆಲಾಂ ಪೂರ್ತಿ ಖಾಲಿ. ಸ್ವಲ್ಪ ಕೋಂತೆ, ಒಂದು ತುಂಡು ಫೂರ್ಮ್ ಉಳಿದಿದೆ. ಪ್ಲಾಸ್ಟಿಕ್ ಸುತ್ತಿ ಇಡಬಹುದಾ?

ಜೂರಾ ಸೀಮೆಯವಳು

ಪ್ಲಾಸ್ಟಿಕ್ ಬೇಡ, ಬೆವರಿ ವಾಸನೆ ಕಟ್ಟುತ್ತೆ. ಅಂಗಡಿಯವರು ಸುತ್ತಿಕೊಟ್ಟ ಮೇಣದ ಕಾಗದವನ್ನೇ ಮತ್ತೆ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಿ. ನೀಲಿಯದನ್ನ ಬೇರೆ ಸುತ್ತಿ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಅದರ ಬೂಷ್ಟು ಕೋಂತೆಗೂ ಹತ್ತುತ್ತೆ. ಕೋಂತೆ ಎರಡು ವಾರ ತಡೆಯುತ್ತೆ. ಫೂರ್ಮ್ ಒಂದು ವಾರದೊಳಗೆ ಮುಗಿಸಿ. ಬೇಯಿಸಿದ ಆಲೂಗಡ್ಡೆ ಬಿಸಿ ಇದ್ದಾಗಲೇ ಮೇಲೆ ಪುಡಿ ಮಾಡಿ ಹಾಕಿ, ಮೆಣಸು ಉದುರಿಸಿ.